ದಕ್ಷಿಣದ ಬಾಲ್ಕನಿಲಿ ಹೂ ಯಾಕೆ ನಿಂತೋಯ್ತು? – ಗಿಡಗಳ ಪ್ರಶ್ನೋತ್ತರ

ಪ್ರಶ್ನೆ (ಜೆ.ಪಿ. ನಗರ, ಬೆಂಗಳೂರು):
ಮೇಡಂ ನಮಸ್ತೆ, ನಮ್ದು 3ನೇ ಫ್ಲೋರ್, ಬಾಲ್ಕನಿ ದಕ್ಷಿಣಕ್ಕಿದೆ. ಜನವರಿಲಿ ಲಾಲ್‌ಬಾಗ್ ಫ್ಲವರ್ ಶೋಗೆ ಹೋದವರು ಆಸೆ ತಡೀಲಾರ್ದೆ ಎರಡು ಗುಲಾಬಿ, ಒಂದಷ್ಟು ಪೆಟೂನಿಯಾ, ಒಂದು ಹೈಬ್ರಿಡ್ ದಾಸವಾಳ ತಂದ್ವಿ. ಮಾರ್ಚ್ ತನಕ ಅಕ್ಕಪಕ್ಕದವ್ರು ಬಂದು ಫೋಟೋ ತಗೊಂಡು ಹೋಗೋ ಅಷ್ಟು ಹೂ. ಈಗ ಜೂನ್, ಪೆಟೂನಿಯಾ ಒಣಗಿ ಹೋಯ್ತು, ಗುಲಾಬಿ ಬರೀ ಉದ್ದುದ್ದ ಕಡ್ಡಿ, ದಾಸವಾಳ ಮೊಗ್ಗಲ್ಲೇ ಉದುರಿಸ್ತಿದೆ. ವಾರಕ್ಕೊಂದ್ಸಲ ಗೊಬ್ಬರ ಹಾಕ್ತಿದೀನಿ, ಡಿಎಪಿನೂ ಹಾಕ್ದೆ. ಮಣ್ಣು ಚೇಂಜ್ ಮಾಡ್ಬೇಕಾ?

ಉತ್ತರ:
ಮಣ್ಣು ಮುಟ್ಬೇಡಿ, ಮೊದಲು ಗೊಬ್ಬರ ನಿಲ್ಸಿ. ಗಿಡಕ್ಕೆ ಆಗಿರೋದು ಹಸಿವಲ್ಲ, ಬಿಸಿಲು ಹೋಗಿದೆ. ಡಿಸೆಂಬರ್ ಜನವರಿಲಿ ಸೂರ್ಯ ದಕ್ಷಿಣಕ್ಕೆ ಇರ್ತಾನೆ, ಬಿಸಿಲು ಓರೆಯಾಗಿ ಬಿದ್ದು ನಿಮ್ಮ ಹಾಲ್ ಬಾಗಿಲ ತನಕ ಬರುತ್ತೆ. ಏಪ್ರಿಲ್ ಕೊನೆ ಹೊತ್ತಿಗೆ ಬೆಂಗಳೂರಿನ ನೆತ್ತಿ ಮೇಲೆ ಬಂದು ಆಮೇಲೆ ಉತ್ತರಕ್ಕೆ ದಾಟ್ತಾನೆ, ವಾಪಸ್ ಬರೋದು ಆಗಸ್ಟ್ ಮಧ್ಯಕ್ಕೆ, ಅಲ್ಲೀತನಕ ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲು ಇಲ್ಲ ಅಂತಲೇ ಇಟ್ಕೊಳಿ, ಅದರ ಮೇಲೆ ಮಹಡಿ ಮನೆಯವ್ರ ಸ್ಲ್ಯಾಬ್ ಬೇರೆ. ಗುಲಾಬಿಗೆ ದಿನಕ್ಕೆ 5-6 ಗಂಟೆ ಬಿಸಿಲು ಬೇಕೇ ಬೇಕು, ದಾಸವಾಳಕ್ಕೂ ಹೆಚ್ಚುಕಮ್ಮಿ ಅಷ್ಟೇ. ಬಿಸಿಲಿಲ್ದಿದ್ದಾಗ ಗಿಡ ಗೊಬ್ಬರ ಎಳ್ಕೊಳಲ್ಲ, ಹಾಕಿದ್ದೆಲ್ಲ ಉಪ್ಪಾಗಿ ಮಣ್ಣಲ್ಲೇ ಉಳಿಯುತ್ತೆ. ಕುಂಡದ ಅಂಚಲ್ಲಿ ಬಿಳಿ ಪದರ ಕಟ್ಟಿದ್ರೆ ಅದೇ ಅದು. ತಳದ ತೂತಿಂದ ನೀರು ಧಾರಾಳವಾಗಿ ಇಳಿದು ಹೋಗೋ ಹಾಗೆ ಒಂದೆರಡು ಸಲ ನೀರು ಹಾಕಿ ತೊಳೀರಿ.

ಪೆಟೂನಿಯಾಗೆ ಬೇಜಾರು ಮಾಡ್ಕೋಬೇಡಿ, ಅದು ಚಳಿಗಾಲದ ಸೀಸನಲ್, ಅದರ ಆಯಸ್ಸೇ ಅಷ್ಟು. ದಾಸವಾಳದ ತುದಿ ಎಲೆ ಮಗುಚಿ ನೋಡಿ, ಹತ್ತಿ ಮೆತ್ತಿದ ಹಾಗೆ ಬೆಳ್ಳಗೆ ಏನಾದ್ರೂ ಇದ್ಯಾ? ಇರುವೆ ಸಾಲುಗಟ್ಟಿ ಹತ್ತಿಳಿಯುತ್ತಿದ್ಯಾ?

ಅದೇ ಸದಸ್ಯರು:
ಅಯ್ಯೋ ಹೌದು ಮೇಡಂ, ಬಿಳಿ ಇದೆ! ಇರುವೆನೂ ಇದೆ, ಇರುವೆ ಪುಡಿ ಹಾಕಿದ್ದೆ. ಟೆರೇಸ್‌ಗೆ ಇಡೋಣ ಅಂದ್ರೆ ಅಸೋಸಿಯೇಷನ್‌ನವ್ರು ಬಿಡಲ್ಲ. ಹಾಗಾದ್ರೆ ಈ ತಿಂಗಳುಗಳಲ್ಲಿ ಬಾಲ್ಕನಿಲಿ ಏನಿಡ್ಲಿ?

ಉತ್ತರ:
ಅದು ಹಿಟ್ಟು ತಿಗಣೆ. ಅದು ಬಿಡೋ ಸಿಹಿ ಅಂಟಿಗೋಸ್ಕರ ಇರುವೆ ಬರೋದು, ತಿಗಣೆನ ಕಾಯೋದೂ ಅದೇ ಇರುವೆ, ಹಾಗಾಗಿ ಬರೀ ಇರುವೆ ಪುಡಿಲಿ ಮುಗಿಯಲ್ಲ. ಜಾಸ್ತಿ ಮುತ್ತಿರೋ ತುದಿಗಳನ್ನ ಕತ್ತರಿಸಿ ಕವರ್‌ಗೆ ಹಾಕಿ ಬಿಸಾಕಿ, ಉಳಿದದ್ದಕ್ಕೆ ಜೋರಾಗಿ ನೀರು ಹೊಡೀರಿ, ಆಮೇಲೆ 1 ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಕೆಲವು ಹನಿ ಲಿಕ್ವಿಡ್ ಸೋಪು ಹಾಕಿ ಚೆನ್ನಾಗಿ ಕದಡಿ ಸಂಜೆ ಹೊತ್ತು ಎಲೆ ಕೆಳಗಡೆ ಸ್ಪ್ರೇ ಮಾಡಿ. ವಾರ ಬಿಟ್ಟು ಮತ್ತೆ. ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ.

ನೆರಳಿನ ತಿಂಗಳುಗಳಿಗೆ ಪೀಸ್ ಲಿಲಿ, ಆಂಥೂರಿಯಂ, ಬಣ್ಣದ ಎಲೆಯ ಬಿಗೋನಿಯಾ, ಫರ್ನ್, ಇವೆಲ್ಲ ಚೆನ್ನಾಗಿ ಬರ್ತವೆ. ನನ್ನ ಕೇಳಿದ್ರೆ ದಕ್ಷಿಣ ಬಾಲ್ಕನಿಯವ್ರು ವರ್ಷಪೂರ್ತಿ ಹೂವಿನ ಆಸೆ ಬಿಟ್ಟು ಎಲೆ ಚಂದ ಇರೋ ಗಿಡಗಳನ್ನ ಖಾಯಂ ಮಾಡ್ಕೊಂಡು, ನವೆಂಬರ್‌ನಲ್ಲಿ ನಾಲ್ಕು ಸೀಸನಲ್ ಕುಂಡ ಸೇರಿಸ್ಕೊಳ್ಳೋದು ಜಾಣತನ. ಆವಾಗ ಎಲೆ ಗಿಡಗಳನ್ನ ಗೋಡೆ ಕಡೆ ಸರಿಸಿ, ಇಲ್ಲಾಂದ್ರೆ ಆ ಓರೆ ಬಿಸಿಲಿಗೆ ಸುಟ್ಟೋಗ್ತವೆ.

ಇನ್ನೊಬ್ರು (ಮಲ್ಲೇಶ್ವರಂ):
ಹಾಗಾದ್ರೆ ನಮ್ಮ ಉತ್ತರದ ಬಾಲ್ಕನಿಗೆ ಈಗ ಬಿಸಿಲು ಬರ್ತಿರೋದು ಇದಕ್ಕೇನಾ, ನಾನು ಎದುರುಗಡೆ ಮರ ಕಡಿದಿದ್ದಕ್ಕೆ ಅಂದ್ಕೊಂಡಿದ್ದೆ 😀 ನನ್ನದೂ ಒಂದು ಪ್ರಶ್ನೆ, ಸೇವಂತಿಗೆ ಹೋದ ವರ್ಷ ಕೊಂಡಾಗ ತುಂಬಾ ಹೂ ಇತ್ತು, ಆಮೇಲೆ ಬಾಲ್ಕನಿ ಗ್ರಿಲ್ ಪಕ್ಕ ಇಟ್ಟೆ, ಗಿಡ ಸೊಂಪಾಗಿದೆ, ಆದ್ರೆ ಈ ಸಲ ಡಿಸೆಂಬರ್ ಕಳೆದ್ರೂ ಮೊಗ್ಗೇ ಬರ್ಲಿಲ್ಲ.

ಉತ್ತರ:
ಗ್ರಿಲ್ ಪಕ್ಕ ಬೀದಿ ದೀಪ ಇದ್ಯಾ, ಅಥ್ವಾ ರಾತ್ರಿ ಬಾಲ್ಕನಿ ಲೈಟ್ ಹಾಕಿರ್ತೀರಾ? ಸೇವಂತಿಗೆ ಮೊಗ್ಗು ಕಟ್ಟೋಕೆ ರಾತ್ರಿ ಉದ್ದ ಇರ್ಬೇಕು, ಆ ಕತ್ತಲೆ ನಡುವೆ ಬೆಳಕು ಬೀಳಬಾರ್ದು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದ್ರೆ ಹೊಲದ ತುಂಬಾ ಬಲ್ಬ್ ಉರೀತಿರುತ್ತೆ, ನೋಡಿರಬಹುದು. ಹೂ ಬೇಗ ಬರದೆ ಗಿಡ ಇನ್ನೂ ಬೆಳೀಲಿ ಅಂತ ರೈತರು ಬೇಕಂತಲೇ ಹಾಕೋದು. ನಿಮ್ಮನೇಲಿ ಬೀದಿ ದೀಪ ಅದೇ ಕೆಲಸ ಪುಕ್ಕಟೆ ಮಾಡ್ತಿದೆ. ಕುಂಡನ ರಾತ್ರಿ ಪೂರ್ತಿ ಕತ್ತಲಾಗೋ ಜಾಗಕ್ಕೆ ಇಡಿ. ಈಗ ಬುಡದ ಮರಿ ಕಿತ್ತು ಬೇರೆ ಕುಂಡಕ್ಕೆ ನೆಡಿ, ಬೇರು ಬಿಟ್ಟು ಗೇಣುದ್ದ ಆದ್ಮೇಲೆ ತುದಿ ಚಿವುಟಿ ಕವಲೊಡೆಯುತ್ತೆ. ಆಗಸ್ಟ್ ಆದ್ಮೇಲೆ ಚಿವುಟಬೇಡಿ.

ಮಂಗಳೂರಿಂದ:
ನಮ್ಮಲ್ಲಿ ಮಳೆ ಶುರುವಾಯ್ತು ಮಾರಾಯ್ರೆ, ಅಡೇನಿಯಂನ ದಪ್ಪ ಬುಡ ಒತ್ತಿದ್ರೆ ಮೆತ್ತಗೆ ಉಂಟು. ಕುಂಡದ ಅಡಿಗೆ ಜಲ್ಲಿ ಹಾಕಿದ್ದೆ, ನೀರು ಹೋಗ್ಲಿ ಅಂತ.

ಉತ್ತರ:
ಈ ಜಲ್ಲಿ ಪದರನ ಎಲ್ಲರೂ ಹಾಕ್ತಾರೆ ಸರ್, ಪ್ರಯೋಜನ ಇಲ್ಲ. ನೀರು ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೇ ಜಲ್ಲಿಗೆ ಇಳಿಯೋದು, ಬೇರು ಇರೋ ಜಾಗ ಇನ್ನೂ ಒದ್ದೆಯಾಗಿರುತ್ತೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು, ಜಲ್ಲಿ ಪುಡಿ, ದಪ್ಪ ಮರಳು, ಇದ್ದಿಲ ಚೂರು ಇವನ್ನ ಮಣ್ಣಿಗೇ ಬೆರೆಸ್ಬೇಕು. ಇವತ್ತೇ ಗಿಡ ಕಿತ್ತು ಮೆತ್ತಗಿರೋ ಭಾಗ ಚೊಕ್ಕಟ ಚಾಕುಲಿ ಕೊಯ್ರಿ, ಒಳಗೆ ಕಂದು ಬಣ್ಣ ಪೂರ್ತಿ ಹೋಗಿ ಬಿಳಿ ತಿರುಳು ಕಾಣೋ ತನಕ. ಗಾಯ ನೆರಳಲ್ಲಿ ಕೆಲವು ದಿನ ಒಣಗಿ ಗಟ್ಟಿ ಆದ್ಮೇಲೆ ನೆಡಿ, ಮಳೆ ಮುಗಿಯೋ ತನಕ ಮಾಡಿನ ಕೆಳಗೆ ಇಡಿ. ನಿಮ್ಮ ಮಳೆಗೆ ಹೆಲಿಕೋನಿಯಾ, ಕ್ರೋಟನ್ ಸರಿ, ಕ್ರೋಟನ್‌ಗೆ ಬೆಳಕು ಇರ್ಲಿ, ನೆರಳಾದ್ರೆ ಬಣ್ಣ ಹೋಗಿ ಹಸಿರಾಗುತ್ತೆ.

ಪ್ರಶ್ನೆ (ಮೈಸೂರು):
ಮೇಲೆ ಪೀಸ್ ಲಿಲಿ ಅಂದ್ರಲ್ಲ ಮೇಡಂ, ಮನೇಲಿ ಅಂಬೆಗಾಲಿಡೋ ಮೊಮ್ಮಗ ಇದಾನೆ, ಸಿಕ್ಕಿದ್ದೆಲ್ಲ ಬಾಯಿಗೆ.

ಉತ್ತರ:
ಒಳ್ಳೇದಾಯ್ತು ಕೇಳಿದ್ದು ಅಮ್ಮ. ಪೀಸ್ ಲಿಲಿ, ಮನಿ ಪ್ಲಾಂಟ್, ಆಂಥೂರಿಯಂ, ಡೈಫೆನ್‌ಬೇಕಿಯಾ ಎಲ್ಲಾ ಕೆಸುವಿನ ಕುಟುಂಬ, ಹಸಿ ಕೆಸು ಗಂಟಲು ಕೆರೆಯುತ್ತಲ್ಲ ಅದೇ ಸೂಜಿಯಂಥ ಹರಳು ಇವುಗಳಲ್ಲೂ ಇರುತ್ತೆ, ಅಗಿದ್ರೆ ಬಾಯಿ ಉರಿದು ಊದ್ಕೊಳುತ್ತೆ. ಇವನ್ನ ಎತ್ತರಕ್ಕೆ ತೂಗು ಹಾಕಿ, ಡೈಫೆನ್‌ಬೇಕಿಯಾ ಇದ್ರೆ ಸದ್ಯಕ್ಕೆ ಯಾರಿಗಾದ್ರೂ ಕೊಟ್ಬಿಡಿ. ಕಣಗಿಲೆ ಅಂತೂ ಬೇಡವೇ ಬೇಡ, ಅದರ ವಿಷ ಹೃದಯಕ್ಕೇ ತಾಗುತ್ತೆ, ಒಂದೆಲೆ ಅಗಿದ್ರೂ ಕಾಯದೆ ಆಸ್ಪತ್ರೆಗೆ ಓಡ್ಬೇಕು. ಮಗು ಕೈಗೆ ಸಿಗೋ ಎತ್ತರದಲ್ಲಿ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್ ಇಡಿ, ಇವುಗಳಲ್ಲಿ ವಿಷ ಇಲ್ಲ. ಕುಂಡದ ಮೇಲಿನ ಸಣ್ಣ ಕಲ್ಲು ಮಾತ್ರ ತೆಗೆದ್ಬಿಡಿ, ಮಗು ಮೊದಲು ಬಾಯಿಗೆ ಹಾಕ್ಕೊಳೋದು ಅದನ್ನೇ.