ಬೆಳೆ ಹೋದ ವರ್ಷ ಹಬಕ್ಕೂಕನ ಪ್ರಾರ್ಥನೆಗೆ ಆಮೆನ್ ಎನ್ನುವುದು ಹೇಗೆ?

ಪ್ರಶ್ನೆ (ಶ್ರೀನಿವಾಸಪುರದ ರೈತ):
ನಮ್ಮದು ಎರಡು ಎಕರೆ ಮಾವು, ಒಂದು ಎಕರೆ ಟೊಮೆಟೊ. ಈ ಸಲ ಮಾವಿನ ಹೂವು ಉದುರಿತು, ಟೊಮೆಟೊ ಮಾರಿದ ಹಣ ಗಾಡಿ ಬಾಡಿಗೆಗೂ ಸಾಲಲಿಲ್ಲ. 1,200 ಅಡಿ ಕೊರೆಸಿದ ಕೊಳವೆಬಾವಿ ಬರೀ ದೂಳು ಉಗುಳಿತು. ಭಾನುವಾರ ಸಭೆಯಲ್ಲಿ ಬೈಬಲಿನ ಪ್ರವಾದಿ ಹಬಕ್ಕೂಕನ ಗ್ರಂಥದ ಮೂರನೆಯ ಅಧ್ಯಾಯ ಓದಿದರು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ಯೆಹೋವನಲ್ಲಿ ಸಂತೋಷಪಡುವೆನು ಎನ್ನುವ ಭಾಗ. ಎಲ್ಲರೂ ಆಮೆನ್ ಎಂದರು. ನನ್ನ ಬಾಯಿಂದ ಅದು ಹೊರಡಲಿಲ್ಲ. ನನ್ನ ನಂಬಿಕೆ ಸತ್ತಿದೆಯೇ?

ಬಂಗಾರಪೇಟೆಯ ಶಿಕ್ಷಕಿ:
ಮೊದಲ ಅಧ್ಯಾಯದಿಂದ ಓದಿ, ಅಣ್ಣಾ. ಪ್ರವಾದಿ ಆರಂಭಿಸುವುದೇ ದೂರಿನಿಂದ: ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುತ್ತಿಲ್ಲವಲ್ಲ! ದೇವರು ಅವನನ್ನು ಗದರಿಸಲಿಲ್ಲ, ಉತ್ತರಿಸಿದನು. ಆ ಉತ್ತರವೂ ಸಿಹಿಯಲ್ಲ. ಬಾಬಿಲೋನಿನ ಸೈನ್ಯ ಬರುತ್ತದೆ ಎಂಬುದು. ಅವನು ಮತ್ತೆ ವಾದಿಸಿದನು, ಕಾವಲು ಬುರುಜಿನ ಮೇಲೆ ನಿಂತು ಕಾದನು. ನೀತಿವಂತನು ನಂಬಿಕೆಯಿಂದಲೇ ಬದುಕುವನು ಎಂಬ ಮಾತು ಅವನಿಗೆ ಸಿಕ್ಕಿದ್ದು ಅಲ್ಲಿ. ಯೇಸುವಿನ ಅಪೊಸ್ತಲನಾದ ಪೌಲನು ರೋಮಾಪುರದ ಕ್ರೈಸ್ತರಿಗೆ ಪತ್ರ ಬರೆಯುವಾಗ ಎತ್ತಿಕೊಂಡದ್ದೂ ಅದನ್ನೇ. ನೀವು ಇನ್ನೂ ಬುರುಜಿನ ಮೇಲಿದ್ದೀರಿ. ಅದನ್ನು ಸಾವು ಎನ್ನಬೇಡಿ.

ಕೆಜಿಎಫ್‌ನಿಂದ ಒಬ್ಬರು:
2001ರಲ್ಲಿ ಗಣಿ ಮುಚ್ಚಿದಾಗ ಅಪ್ಪ ಇದೇ ವಚನಗಳನ್ನು ನಡುಗುವ ದನಿಯಲ್ಲಿ ಓದುತ್ತಿದ್ದರು. ನಾನು ಅದನ್ನು ದೌರ್ಬಲ್ಯ ಎಂದುಕೊಂಡಿದ್ದೆ. ಆಮೇಲೆ ಹಿಂದಿನ ವಚನ ಕಣ್ಣಿಗೆ ಬಿತ್ತು: ಪ್ರವಾದಿಯ ತುಟಿಗಳೂ ಅದುರಿದ್ದವು, ಕಾಲುಗಳೂ ನಡುಗಿದ್ದವು.

ಪ್ರಶ್ನೆ ಕೇಳಿದವರು:
ಹಿಂದಿನ ವಚನವನ್ನು ಸಭೆಯಲ್ಲಿ ಓದಲೇ ಇಲ್ಲ. ಈ ರಾತ್ರಿ ಹೆಂಡತಿಗೆ ಮೂರೂ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ.