ಟ್ರೇನಲ್ಲಿ ಟೊಮೆಟೊ ಪೈರು ಬಾಗಿ ಬೀಳ್ತಿದೆ, ಮೆಣಸಿನಕಾಯಿ ಮೊಳೀತಾ ಇಲ್ಲ

ಮಹಡಿತೋಟ_ಕುವೆಂಪುನಗರ
ಸಂಕ್ರಾಂತಿ ಕಳೆದ ಮೂರನೇ ದಿನ 98 ಗುಂಡಿಯ ಎರಡು ಪ್ರೋಟ್ರೇಗಳಲ್ಲಿ (ಸಸಿ ಬೆಳೆಸೋ ಟ್ರೇ) ಟೊಮೆಟೊ, ಈರನಗೆರೆ ಬದನೆ, ಮೆಣಸಿನಕಾಯಿ, ಚೆಂಡು ಹೂವಿನ ಬೀಜ ಹಾಕಿದೆ. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಅಡುಗೆಮನೆ ಕಿಟಕಿ ಪಕ್ಕ ಇಟ್ಟು ಬೆಳಿಗ್ಗೆ, ಸಂಜೆ ನೀರು ಚಿಮುಕಿಸ್ತೀನಿ. ಇವತ್ತಿಗೆ 11 ದಿನ. ಟೊಮೆಟೊ ಆರನೇ ದಿನವೇ ಬಂತು, ಆದ್ರೆ ಮೂರು ಇಂಚು ಸಣಕಲಾಗಿ ಬೆಳೆದು ಒಂದೊಂದೇ ಮಲಗ್ತಿವೆ. ಮೆಣಸಿನಕಾಯಿ ಒಂದೂ ಬಂದಿಲ್ಲ. ಬೀಜ ಕೆಟ್ಟಿದ್ಯಾ? ಮತ್ತೆ ಹಾಕಿದ್ರೆ ಯುಗಾದಿ ಹೊತ್ತಿಗೆ ಕುಂಡಕ್ಕೆ ಬರತ್ತಾ?

ಒಟ್ಲುಮಡಿ_ಮಂಡ್ಯ
ಬಿದ್ದ ಪೈರೊಂದನ್ನ ಕಿತ್ತು, ಕಾಂಡ ಕೋಕೋಪೀಟ್‌ನಿಂದ ಹೊರಗೆ ಬರೋ ಜಾಗ ನೋಡಿ. ಅಲ್ಲಿ ಕಂದು ಬಣ್ಣಕ್ಕೆ ತಿರುಗಿ, ನೀರಲ್ಲಿ ನೆಂದ ದಾರದ ಥರ ಸಣ್ಣ ಆಗಿದ್ದು, ಮೇಲಿನ ಎಲೆ ಇನ್ನೂ ಹಸಿರಾಗೇ ಇದ್ರೆ ಅದು ಬುಡ ಕೊಳೆ ರೋಗ. ರೈಜೋಕ್ಟೋನಿಯಾ ಶಿಲೀಂಧ್ರ, ಶಿಲೀಂಧ್ರದ ಥರದ್ದೇ ಆದ ಪಿಥಿಯಂ, ಇವುಗಳ ಕೆಲಸ. ಕಾಂಡ ಗಟ್ಟಿಯಾಗಿದ್ದು ಬರೀ ವಾಲಿದ್ರೆ ಬೆಳಕು ಸಾಲದು ಅಂತ ಅರ್ಥ.

ರೋಗ ಆಗಿದ್ರೆ ಬಿದ್ದ ಗುಂಡಿಯ ಕೋಕೋಪೀಟ್ ಸಮೇತ ತೆಗೆದುಹಾಕಿ. ಉಳಿದವಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ ಪುಡಿ) ಕಲಸಿ ಬುಡಕ್ಕೆ ಹಾಕಿ. ಇದನ್ನ ದಯವಿಟ್ಟು ಅಡುಗೆಮನೇಲಿ ಕಲಸಬೇಡಿ, ಅಲ್ಲಿನ ಪಾತ್ರೆ, ಚಮಚನೂ ಮುಟ್ಟಬೇಡಿ. ಇದರ ಜೊತೆಗೇ ಟ್ರೈಕೋಡರ್ಮಾ (ರೋಗ ತಡೆಯೋ ಒಳ್ಳೆ ಶಿಲೀಂಧ್ರ) ಹಾಕಿದ್ರೆ ಅದೂ ಸಾಯತ್ತೆ.

ದಿನಕ್ಕೆರಡು ಸಲ ನೀರು ನಿಲ್ಲಿಸಿ. ಕೋಕೋಪೀಟ್ ಮೇಲ್ಭಾಗ ಒಣಗಿ ಬಣ್ಣ ತಿಳಿಯಾದ ಮೇಲೆ, ಬೆಳಗಿನ ಹೊತ್ತೇ ಕೊಡಿ. ಸಂಜೆ ಹಾಕಿದ ನೀರು ಈ ಚಳೀಲಿ ರಾತ್ರಿಯಿಡೀ ಆರಲ್ಲ, ರೋಗ ಹತ್ತೋದೇ ಆಗ.

ಹಿತ್ತಲು_ಶ್ರೀರಂಗಪಟ್ಟಣ
ಮೆಣಸಿನಕಾಯಿ ಬಗ್ಗೆ ಇಷ್ಟು ಬೇಗ ಕೈಬಿಡಬೇಡಿ. ಅದಕ್ಕೆ 25ರಿಂದ 30 ಡಿಗ್ರಿ ಶಾಖ ಬೇಕು. ಜನವರಿ ರಾತ್ರಿ ನಮ್ಮ ಕಡೆ 16–17ಕ್ಕೆ ಇಳಿಯತ್ತೆ, ಹಾಗಾಗಿ ಎರಡು ವಾರ ಕಾಯೋದು ಸಾಮಾನ್ಯ. ಟ್ರೇ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬೆಚ್ಚಗಿರೋ ಜಾಗದಲ್ಲಿಡಿ, ಬಿಸಿಲಲ್ಲಲ್ಲ. ಮೊದಲ ಮೊಳಕೆ ಬೆನ್ನು ಬಾಗಿಸಿ ಮೇಲೆ ಬಂದ ಆ ದಿನವೇ ಹಾಳೆ ತೆಗೀಬೇಕು. ಒಂದು ದಿನ ತಡ ಆದ್ರೂ ಪೈರು ಎಳೆದ ಹಾಗೆ ಉದ್ದ ಆಗತ್ತೆ. ಮುಂದಿನ ಸಲ ಟೊಮೆಟೊಗೂ ಮೆಣಸಿನಕಾಯಿಗೂ ಬೇರೆ ಬೇರೆ ಟ್ರೇ ಮಾಡಿ: ಒಂದಕ್ಕೆ ಬೆಳಕು ಬೇಕಾದ ಹೊತ್ತಲ್ಲಿ ಇನ್ನೊಂದಕ್ಕೆ ಮುಚ್ಚಳ ಬೇಕಿರತ್ತೆ.

ಬರೀ ಕೋಕೋಪೀಟ್‌ನಲ್ಲಿ ಗೊಬ್ಬರದ ಅಂಶ ಇಲ್ಲ. ಮೂರು ಪಾಲು ಕೋಕೋಪೀಟ್‌ಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸಿ. ಕೋಕೋಪೀಟ್ ಇಟ್ಟಿಗೆ ನೆನೆಸಿದ ನೀರನ್ನ ಎರಡು ಮೂರು ಸಲ ಬಸಿದು ಚೆಲ್ಲಿ. ತೊಳೆಯದ ನಾರಿನ ಪುಡೀಲಿ ಉಪ್ಪಿರತ್ತೆ, ಎಲೆ ಅಂಚು ಸುಡತ್ತೆ. ನೆನೆದ ಕೋಕೋಪೀಟ್ ಹಿಂಡಿದ್ರೆ ಬೆರಳ ಸಂದಿಲಿ ಒಂದೆರಡು ಹನಿ ಬರಬೇಕು, ಧಾರೆ ಬಂದ್ರೆ ಹೆಚ್ಚಾಯ್ತು.

ಮಹಡಿತೋಟ_ಕುವೆಂಪುನಗರ
ನೋಡಿದೆ, ಸುಮಾರು ಪೈರಿನ ಬುಡ ದಾರದ ಥರಾನೇ ಆಗಿದೆ. ಟ್ರೇನ ಮಹಡಿಗೆ ಸಾಗಿಸಿದೆ. ಟೊಮೆಟೊ ಈಗ ಮತ್ತೆ ಹಾಕಿದ್ರೆ ತಡ ಆಯ್ತಾ? ಬೀನ್ಸ್, ಹೀರೆಕಾಯಿನೂ ಟ್ರೇಗೇ ಹಾಕಬಹುದಾ?

ಒಟ್ಲುಮಡಿ_ಮಂಡ್ಯ
ಮಹಡಿಗೆ ಒಯ್ದಿದ್ದು ಸರಿ, ಆದ್ರೆ ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ ಸಾಕು. ವಾರದಲ್ಲಿ ಹೆಚ್ಚಿಸ್ತಾ ಹೋಗಿ.

ಟೊಮೆಟೊ ಇವತ್ತೇ ಹಾಕಿ. ಅರ್ಧ ಸೆಂಟಿಮೀಟರ್ ಆಳ, ಗುಂಡಿಗೆ ಒಂದೇ ಬೀಜ. 25–30 ದಿನಕ್ಕೆ ನಾಲ್ಕೈದು ಎಲೆ ಬಂದು ಕುಂಡಕ್ಕೆ ಸಿದ್ಧ. ಯುಗಾದಿಗೆ ಗಿಡ ಇರತ್ತೆ, ಕಾಯಿ ಇರಲ್ಲ. ಇದಕ್ಕಿಂತ ತಡ ಮಾಡಬೇಡಿ: ಏಪ್ರಿಲ್‌ನಲ್ಲಿ ಬಿಸಿಲು 35 ಡಿಗ್ರಿ ಮುಟ್ಟಿದ್ರೆ ಹೂ ಉದುರತ್ತೆ. ಬೇಸಿಗೇಲಿ ಬಿಳಿ ನೊಣ ತರೋ ಎಲೆ ಮುರುಟು ರೋಗ ಇನ್ನೂ ದೊಡ್ಡ ಕಷ್ಟ. ಮೊಳೆತ ದಿನದಿಂದಲೇ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟಿ, ಸೊಳ್ಳೆ ಪರದೆಯ ಕಣ್ಣು ಇದಕ್ಕೆ ದೊಡ್ಡದು. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗ ತಡೆಯತ್ತೆ, ಆದ್ರೆ ಅದು ಹೈಬ್ರಿಡ್. ಅದರ ಹಣ್ಣಿನ ಬೀಜ ಮತ್ತೆ ಹಾಕಿದ್ರೆ ಅದೇ ಗುಣ ಬರಲ್ಲ.

ಬೀನ್ಸ್, ಬೆಂಡೆ, ಮೂಲಂಗಿ, ಕ್ಯಾರೆಟ್ ನೇರ ಕುಂಡಕ್ಕೇ. ಕಿತ್ತು ನೆಟ್ಟ ಕ್ಯಾರೆಟ್ ಕವಲೊಡೆಯತ್ತೆ. ಹೀರೆ, ಸೌತೆನ ತಳ ತೂತು ಮಾಡಿದ ಪೇಪರ್ ಲೋಟದಲ್ಲಿ ಹಾಕಿ, ಎರಡು ವಾರದೊಳಗೆ ಬೇರು ಅಲುಗದ ಹಾಗೆ ನೆಡಿ.

ಹಿತ್ತಲು_ಶ್ರೀರಂಗಪಟ್ಟಣ
ಚೆಂಡು ಹೂವಿನ ಬಗ್ಗೆ ಯಾರೂ ಹೇಳಲಿಲ್ಲ. ಬಿತ್ತಿದ ಎರಡು ತಿಂಗಳ ಆಸುಪಾಸಲ್ಲಿ ಮೊದಲ ಹೂ. ತುದಿ ಚಿವುಟಿದ್ರೆ ಕವಲು ಹೆಚ್ಚಿ ಹೂವೂ ಹೆಚ್ಚತ್ತೆ, ಆದ್ರೆ ಮೊದಲ ಹೂ ತಡ ಆಗತ್ತೆ. ಯುಗಾದಿ ತೋರಣಕ್ಕೆ ಬೇಕಾದ್ರೆ ಅರ್ಧ ಗಿಡ ಹಾಗೇ ಬಿಡಿ, ಉಳಿದರ್ಧಕ್ಕೆ ಐದಾರು ಜೊತೆ ಎಲೆ ಬಂದಾಗ ತುದಿ ಚಿವುಟಿ. ನಾಟಿ ಸಂಜೆ ನಾಲ್ಕರ ಮೇಲೆ ಮಾಡಿ. ಅರ್ಧ ಗಂಟೆ ಮುಂಚೆ ಟ್ರೇಗೆ ನೀರು ಹಾಕಿದ್ರೆ ಬೇರು ಹರಿಯದೆ ಉಂಡೆಯಾಗಿ ಬರತ್ತೆ.