ಮೆಟಾಲಿಕ್ ಗ್ಲಾಸ್ ಕಂಪ್ರೆಷನ್ ಟೆಸ್ಟ್: ಮಾಡ್ಯುಲಸ್ ಬಾಳ ಕಡಿಮಿ ಬರಾಕತ್ತೈತಿ, ಯಾಕ್ರಿ?

ಉಣಕಲ್_ಕೆರಿ:
ನಮಸ್ಕಾರ್ರಿ. ಹುಬ್ಬಳ್ಳ್ಯಾಗ ಎಂ.ಟೆಕ್ ಪ್ರಾಜೆಕ್ಟ್ ಮಾಡಾಕತ್ತೀನಿ. ಜಿರ್ಕೋನಿಯಂ ಬೇಸ್ ಮೆಟಾಲಿಕ್ ಗ್ಲಾಸ್ (ಗಾಜಿನಂಗ ಒಳಗ ಹರಳಿನ ಜೋಡಣಿ ಇಲ್ಲದ ಲೋಹ) ರಾಡ್, 3 ಮಿಮೀ ಡಯಾ, 6 ಮಿಮೀ ಉದ್ದ ಕಟ್ ಮಾಡಿ ಯುಟಿಎಂ (ಒತ್ತಿ-ಜಗ್ಗಿ ನೋಡೂ ಟೆಸ್ಟಿಂಗ್ ಮಷಿನ್) ನಾಗ ಒತ್ತಿದ್ರ ಸ್ಟ್ರೆಂತ್ 1.9 ಗಿಗಾಪಾಸ್ಕಲ್, ಸರಿನ ಐತಿ, ಆದ್ರ ಮಾಡ್ಯುಲಸ್ (ಇಲಾಸ್ಟಿಕ್ ಬಿಗಿತನದ ಅಳತಿ) ಬರೇ 35 ಗಿಗಾಪಾಸ್ಕಲ್, ಅದ ರಾಡ್ ನ್ಯಾನೊಇಂಡೆಂಟರ್‌ನಾಗ (ಸಣ್ಣ ಚೂಪು ಮೊನಿ ಒತ್ತಿ ಅಳಿಯೂ ಮಷಿನ್) 103 ತೋರಸ್ತೈತಿ. ಮತ್ತ ಕೆಲವು ಪೀಸ್ ಟಪ್ ಅಂತ ಒಡಿತಾವ, ಕೆಲವು ಚಲೋ ಪ್ಲಾಸ್ಟಿಕ್ ಆಗಿ ಬಾಗತಾವ. ಯಾವುದನ್ನ ನಂಬೂದು?

ಮಾಳಮಡ್ಡಿ_ಲ್ಯಾಬ್:
ಸ್ಟ್ರೇನ್ (ಉದ್ದಕ್ಕ ತಕ್ಕಂಗ ಪೀಸ್ ಎಷ್ಟು ಕುಗ್ಗಿತು ಅನ್ನೋದು) ಕ್ರಾಸ್‌ಹೆಡ್ ಅಂದ್ರ ಮಷಿನ್ನಿನ ಒತ್ತೋ ತೊಲಿಯ ಚಲನೆಯಿಂದ ತಗೊಂಡೀರಿ ಅನಸ್ತದ. ಲೆಕ್ಕಾ ಮಾಡಿ ನೋಡ್ರಿ: ಈ ಗ್ಲಾಸ್ ಸುಮಾರು 2% ತನಕಾ ಇಲಾಸ್ಟಿಕ್, ಅಂದ್ರ 6 ಮಿಮೀ ಪೀಸ್ ಕುಗ್ಗೋದು 0.12 ಮಿಮೀ ಅಷ್ಟ. ಆದ್ರ ಲೋಡ್ 13 ಕಿಲೋನ್ಯೂಟನ್ ದಾಟಿರ್ತದ, ಅಷ್ಟು ಭಾರಕ್ಕ ಫ್ರೇಮು, ಲೋಡ್ ಸೆಲ್ಲು, ಪ್ಲೇಟು ಎಲ್ಲಾ ಸೇರಿ ಅದಕ್ಕಿಂತ ಜಾಸ್ತಿ ಬಗ್ಗತಾವ, ನೀವು ಅದನ್ನೂ ಪೀಸಿನ ಲೆಕ್ಕಕ್ಕ ಹಾಕ್ಲಿಕ್ಕತ್ತೀರಿ. ಪೀಸಿನ ಮ್ಯಾಲೇನ ಸಣ್ಣ ಸ್ಟ್ರೇನ್ ಗೇಜ್ (ಪೀಸ್ ಕುಗ್ಗೋದನ್ನ ನೇರ ಅಳಿಯೋ ಪಟ್ಟಿ) ಅಂಟಸ್ರಿ. ಇಂಡೆಂಟರ್ ಬ್ಯಾರೆ ಥರ ಮೋಸ ಮಾಡ್ತದ, ಗುರುತಿನ ಸುತ್ತ ಲೋಹ ಮ್ಯಾಲೆ ಉಬ್ಬತದ, ಸಾಫ್ಟ್‌ವೇರಿಗೆ ಆ ಉಬ್ಬು ಕಾಣಂಗಿಲ್ಲ, ಏರಿಯಾ ಕಡಿಮಿ ಹಿಡದು ನಂಬರ್ ಸ್ವಲ್ಪ ಜಾಸ್ತಿ ಕೊಡ್ತದ.

ಬಾಗೋ ಪೀಸ್ ನೋಡಿ ಖುಷಿ ಪಡಬ್ಯಾಡ್ರಿ, ನಾ ಮೊದಲು ಸಂಶಯ ಪಡೋದು ಅವನ್ನ. ತುದಿ ಎರಡೂ ಸಮಾಂತರ ಇಲ್ಲಂದ್ರ ಸ್ಟ್ರೆಸ್ ಒಂದ ಕಡೆ ಕೂಡ್ತದ, ಶಿಯರ್ ಬ್ಯಾಂಡ್ (ಲೋಹ ಜಾರೋ ತೆಳು ಪದರ) ಆ ಕಡೆ ಹುಟ್ಟಿ ಸ್ಟ್ರೆಸ್ ಕಡಿಮಿ ಇರೋ ಕಡೆ ಹೋಗಿ ನಿಂತಬಿಡ್ತದ, ಗ್ರಾಫಿನಾಗ ಮಾತ್ರ ಪ್ಲಾಸ್ಟಿಸಿಟಿ ಕಾಣಸ್ತದ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಾಗ ಯಾರರೆ ಟರ್ನರ್ ಕಡೆ ದಪ್ಪನ ಸ್ಟೀಲ್ ಬಿಲ್ಲೆಗೆ ರಾಡ್ ಬಿಗಿಯಾಗಿ ಕೂಡೋ ತೂತು ಹೊಡಸ್ರಿ, ಅದರಾಗ ಇಟ್ಟು ಎರಡೂ ತುದಿ ಪಾಲಿಶ್ ಮಾಡಿ ಡಯಲ್ ಗೇಜ್ ಹಚ್ಚಿ ನೋಡ್ರಿ.

ಉಣಕಲ್_ಕೆರಿ:
ಹಂಗಾದ್ರ ಮೈಕ್ರೋಪಿಲ್ಲರ್ (ಅದ ಲೋಹದಾಗ ಕೆತ್ತಿದ ಮೈಕ್ರಾನ್ ಸೈಜಿನ ಕಂಬ) ಒತ್ತಿದ್ರ ಇವೆಲ್ಲಾ ತಪ್ಪತಾವೇನ್ರಿ?

ಮಾಳಮಡ್ಡಿ_ಲ್ಯಾಬ್:
ಇಲ್ರಿ, ಅಲ್ಲಿ ಅಯಾನ್ ಬೀಮ್‌ನಿಂದ ಕೆತ್ತಿದ ಪಿಲ್ಲರ್ ಮ್ಯಾಲೆ ಸಣ್ಣ, ಕೆಳಗ ದಪ್ಪ ಆಗಿರ್ತದ, ಸ್ಟ್ರೆಸ್ ಎಲ್ಲಾ ಕಡೆ ಒಂದ ಇರಂಗಿಲ್ಲ. ಅದಲ್ದ ಸೈಜ್ ಕಡಿಮಿ ಆದಂಗ ವರ್ತನೇನೂ ಬದಲಾಗ್ತದ, ಯಾಕಂದ್ರ ಕೂಡಿಟ್ಟ ಇಲಾಸ್ಟಿಕ್ ಶಕ್ತಿ ವಾಲ್ಯೂಮ್ ಪ್ರಕಾರ, ಬ್ಯಾಂಡ್ ಓಡಲಿಕ್ಕೆ ಬೇಕಾಗೋದು ಏರಿಯಾ ಪ್ರಕಾರ. ಸುಮಾರು 100 ನ್ಯಾನೋಮೀಟರ್ ಸೈಜಿನಾಗ ಬ್ಯಾಂಡ್ ಇಲ್ದ ಒಂದ ಸಮ ಹರದದ್ದನ್ನೂ ನೋಡ್ಯಾರ. ಪಿಲ್ಲರ್ ನಂಬರ್ ತಂದು ರಾಡಿಗೆ ಹಚ್ಚಬ್ಯಾಡ್ರಿ.

ಉಣಕಲ್_ಕೆರಿ:
ಗೇಜ್ ಅಂಟಿಸಿದ್ವಿರಿ, ಮಾಡ್ಯುಲಸ್ 94 ಬಂತು! ತುದಿ ಸರಿ ಮಾಡಿದ ಮ್ಯಾಲೆ ಎಲ್ಲಾ ಪೀಸೂ ಓರಿಯಾಗಿ ಒಂದ ಥರ ಒಡ್ಯಾಕತ್ತಾವ. ಬಾಳ ಉಪಕಾರ ಆತ್ರಿ.

ಮಾಳಮಡ್ಡಿ_ಲ್ಯಾಬ್:
ಚಲೋ ಆತು. ಒಡಿಯೋ ಮುಂದ ಕಿಡಿ ಸಮೇತ ಚೂರು ಸಿಡಿತಾವ, ಪಾಲಿಕಾರ್ಬೊನೇಟ್ ಶೀಲ್ಡ್ ಇಲ್ದ ಹತ್ರ ನಿಂದರಬ್ಯಾಡ್ರಿ.